ಮೇಷ್ಟ್ರ ಕಂಪ್ಯೂಟರಿಗೆ ಗಂಟಲು ಕಟ್ಟಿದ್ದು

"ಕಂಪ್ಯೂಟರು ಮಾತು ಬಿಟ್ಟಿದೆ ಕಣಯ್ಯ" ಎಂದು ಮೇಷ್ಟ್ರು ಫೋನು ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. 2013ರ ಏಪ್ರಿಲ್ ತಿಂಗಳು. ಯುಗಾದಿ ಮುಗಿದು ಐದಾರು ದಿನವಾಗಿತ್ತು. ಇಂಥ ಫೋನುಗಳು ನನಗೆ ಹೊಸತಲ್ಲ. ಕಂಪ್ಯೂಟರು ಗೊತ್ತಿರುವ ಹುಡುಗ ಎಂಬ ಹೆಸರು ಊರಿನಲ್ಲಿ ಒಮ್ಮೆ ಬಿದ್ದರೆ ಮುಗಿಯಿತು, ನೆಂಟರ ಪ್ರಿಂಟರಿನಿಂದ ಹಿಡಿದು ಪಕ್ಕದ ಮನೆಯ ಟೀವಿ ಡಿಶ್ಶಿನವರೆಗೆ ಎಲ್ಲ ಕಾಯಿಲೆಗೂ ನಾವೇ ವೈದ್ಯರು. ಅನ್ನ ಕಲೆಸುತ್ತಲೇ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. "ಕೆಳಗೆ ಬಲಗಡೆ ಮೂಲೇಲಿ ಪುಟ್ಟ ಸ್ಪೀಕರ್ ಚಿತ್ರ ಇರುತ್ತಲ್ಲ ಸಾರ್, ಅದರ ಮೇಲೆ ಕೆಂಪು ಗುರುತೇನಾದ್ರೂ ಕಾಣ್ತಿದೆಯಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದನ್ನ ನಾನು ಹೇಗೆ ನೋಡ್ಲಯ್ಯ?" ಎಂದರು. ಸಿಟ್ಟಿನ ದನಿಯಲ್ಲ ಅದು. ತಪ್ಪು ಉತ್ತರ ಹೇಳಿದ ಹುಡುಗನಿಗೆ ಇನ್ನೊಂದು ಸಲ ಯೋಚನೆ ಮಾಡು ಎನ್ನುವಾಗ ತರಗತಿಯಲ್ಲಿ ಅವರು ಬಳಸುತ್ತಿದ್ದ ದನಿ.

ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದೆ.

ಕನಕಪುರದಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿದೆ ನಮ್ಮ ಸಾತನೂರು. ಒಂದು ಕಡೆ ಕಬ್ಬಾಳು ಬೆಟ್ಟ, ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟವರು ಮೇಷ್ಟ್ರು. ನಿವೃತ್ತಿಗೆ ಕೆಲವು ವರ್ಷ ಇರುವಾಗಲೇ ಅವರಿಗೆ ಗ್ಲಾಕೋಮಾ ಶುರುವಾಗಿತ್ತು. ಕಣ್ಣಿನೊಳಗಿನ ಒತ್ತಡದಿಂದ ನರ ಸಾಯುತ್ತಾ ಬರುವ ಕಾಯಿಲೆ. ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ. ಹಾಗಾಗಿ ಬಹಳ ದಿನ ಗೊತ್ತೇ ಆಗುವುದಿಲ್ಲ. "ಬಾಗಿಲು ಹಾಕ್ತಾ ಹಾಕ್ತಾ ಕೊನೆಗೆ ಸಂದಿ ಉಳಿಯುತ್ತಲ್ಲ, ಆ ಸಂದೀಲಿ ಎರಡು ವರ್ಷ ಪೇಪರು ಓದಿದೆ. ಆಮೇಲೆ ಸಂದೀನೂ ಮುಚ್ಕೊಂತು" ಎಂದು ಒಮ್ಮೆ ಹೇಳಿದ್ದರು.

ಆಮೇಲೆ ಮೊಮ್ಮಗಳು ಓದಿ ಹೇಳುತ್ತಿದ್ದಳು. ಆದರೆ ಮಕ್ಕಳಿಗೆ ಅವಸರ. ಸಂಪಾದಕೀಯ ಬಂದರೆ ಎರಡು ಸಾಲು ಹಾರಿಸಿಬಿಡುತ್ತಾಳೆ ಎಂದು ನಗುತ್ತಿದ್ದರು. ನಾನು ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಪೆಂಟಿಯಂ ಯಂತ್ರವನ್ನು ಕೇಳಿಕೊಂಡು ತಂದು, ವಿಂಡೋಸ್ ಎಕ್ಸ್‌ಪಿ ಹಾಕಿ, ಅದರ ಮೇಲೆ ಎನ್‌ವಿಡಿಎ ಎಂಬ ತಂತ್ರಾಂಶ ಹಾಕಿಕೊಟ್ಟೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ 2006ರಲ್ಲಿ ಅದನ್ನು ಶುರು ಮಾಡಿದ್ದು, ಅವರಿಗೂ ಕಣ್ಣಿಲ್ಲ. ಹಣ ಕೊಡಬೇಕಿಲ್ಲ. ಜೊತೆಗೇ ಬರುವ ಇ-ಸ್ಪೀಕ್ ಎಂಬ ಯಂತ್ರದನಿ ಕನ್ನಡವನ್ನೂ ಓದುತ್ತದೆ. ತಗಡಿನ ಡಬ್ಬದೊಳಗೆ ಕೂತು ಮಾತಾಡಿದಂತಿರುತ್ತದೆ, ಒತ್ತಕ್ಷರಗಳಲ್ಲಿ ಎಡವುತ್ತದೆ, ಆದರೆ ಒಂದು ಸಾಲನ್ನೂ ಹಾರಿಸುವುದಿಲ್ಲ. ಮೇಷ್ಟ್ರಿಗೆ ಅದೇ ಬೇಕಾಗಿತ್ತು.

ನುಡಿಯಲ್ಲೋ ಬರಹದಲ್ಲೋ ಹಳೆಯ ಫಾಂಟು ಹಾಕಿ ಬರೆದದ್ದನ್ನು ಅದು ಓದಲಾರದು. ಆ ಕಡತಗಳ ಒಳಗಿರುವುದು ಇಂಗ್ಲಿಷಿನ ಅಕ್ಷರಸಂಖ್ಯೆಗಳೇ, ಮೇಲೆ ಕನ್ನಡದ ವೇಷ ಅಷ್ಟೆ. ಯಂತ್ರಕ್ಕೆ ವೇಷ ಕಾಣುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡಿನಲ್ಲಿದ್ದರೆ ಮಾತ್ರ ಓದುತ್ತದೆ. ಮೇಷ್ಟ್ರು ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಆರು ತಿಂಗಳಲ್ಲಿ ಬೆರಳಿಗೆ ಹತ್ತಿಸಿಕೊಂಡು, ತಮ್ಮ ಶಾಲೆಯ ದಿನಗಳ ನೆನಪು ಬರೆಯಲು ಶುರು ಮಾಡಿದ್ದರು. ದಿನಕ್ಕೊಂದು ಪುಟ. ಅದಕ್ಕೆಂದೇ ಡೆಸ್ಕ್‌ಟಾಪಿನಲ್ಲಿ ಒಂದು ನೋಟ್‌ಪ್ಯಾಡ್ ಕಡತವನ್ನು ನಾನೇ ಯೂನಿಕೋಡಿನಲ್ಲಿ ಉಳಿಸಿ ಇಟ್ಟಿದ್ದೆ. ಅದನ್ನು ತೆರೆದು, ಕೊನೆಯ ಸಾಲಿಗೆ ಹೋಗಿ ಬರೆಯುತ್ತಾ ಹೋಗುವುದು.

ಇಂಥ ಮನುಷ್ಯರ ಮನೆಯ ಕಂಪ್ಯೂಟರಿನಲ್ಲಿ ದನಿ ನಿಂತರೆ ಏನು ನಿಂತ ಹಾಗೆ? ನಮ್ಮ ನಿಮ್ಮ ಮನೆಯಲ್ಲಾದರೆ ಹಾಡು ನಿಲ್ಲುತ್ತದೆ. ಅವರ ಪಾಲಿಗೆ ಪರದೆಯೇ ಆರಿತು. ಇದನ್ನು ಈಗ ಬರೆಯುವಷ್ಟು ಸಲೀಸಾಗಿ ಆವತ್ತು ಊಟದ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. "ಡ್ರೈವರ್ ಹೋಗಿರಬೇಕು ಸಾರ್, ಭಾನುವಾರ ಬರ್ತೀನಿ" ಎಂದೆ. ಆ ಭಾನುವಾರ ಆಗಲಿಲ್ಲ. ಅದರ ಮುಂದಿನ ಭಾನುವಾರ, ಏಪ್ರಿಲ್ 28ಕ್ಕೆ, ಬನಶಂಕರಿಯಲ್ಲಿ ಬಸ್ಸು ಹತ್ತಿದೆ.

ಮೇ 5ಕ್ಕೆ ವಿಧಾನಸಭೆ ಚುನಾವಣೆ. ಸಾತನೂರಿನ ಬೀದಿಯಲ್ಲಿ ಮೈಕು ಕಟ್ಟಿದ ಆಟೋಗಳು ಒಂದರ ಹಿಂದೊಂದು ಕೂಗುತ್ತಾ ಹೋಗುತ್ತಿದ್ದವು. ಮೇಷ್ಟ್ರ ಮನೆಯ ಒಳಗೆ ಬಂದರೆ ಬೇರೆಯದೇ ಸದ್ದು. ಹಿತ್ತಲಿನ ಹುಳುಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುತ್ತಿದ್ದವು. ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಕೇಳುತ್ತದೆ ಅದು. ಮೇಷ್ಟ್ರು ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಅಮ್ಮಾವ್ರು ಮಜ್ಜಿಗೆ ತಂದುಕೊಟ್ಟು, "ಹದಿನೈದು ದಿನದಿಂದ ಹಿಂಗೇ ಕೂತವ್ರೆ ಕಣಪ್ಪ. ಅದು ಮಾತಾಡಲ್ಲ, ಇವರೂ ಮಾತಾಡಲ್ಲ" ಎಂದರು.

ಯಂತ್ರ ಹಚ್ಚಿದೆ. ಕೆಂಪು ಗುರುತು ಇರಲಿಲ್ಲ. ವಾಲ್ಯೂಮ್ ಗೂಟಗಳೆಲ್ಲ ಮೇಲೇ ಇದ್ದವು. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಚಿಹ್ನೆಯೂ ಇಲ್ಲ. ಸೌಂಡಿನ ಚಿಪ್ಪಿನ ಮೇಲೆ ಒತ್ತಿದರೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ. ಆದರೂ ಡ್ರೈವರ್ ತೆಗೆದು ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಪ್ರತಿ ಸಲವೂ ಯಂತ್ರವನ್ನು ಆರಿಸಿ ಹಚ್ಚಬೇಕು. ಒಂದೂವರೆ ಗಂಟೆ ಹೋಯಿತು. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ನಾನು ಒಂದು ಮಾತನ್ನೂ ಅವರನ್ನು ಕೇಳಲಿಲ್ಲ.

ಕೊನೆಗೆ ಎನ್‌ವಿಡಿಎಯಲ್ಲಿರುವ ಸ್ಪೀಚ್ ವ್ಯೂವರ್ ಎಂಬ ಕಿಟಕಿಯನ್ನು ತೆರೆದೆ. ತಂತ್ರಾಂಶ ಆಡುವ ಪ್ರತಿ ಮಾತನ್ನೂ ಅದು ಅಕ್ಷರದಲ್ಲಿ ತೋರಿಸುತ್ತದೆ. ಮೌಸು ಆಡಿಸಿದಂತೆಲ್ಲ ಸಾಲುಗಳು ಒಂದರ ಕೆಳಗೊಂದು ಉರುಳತೊಡಗಿದವು. ಸ್ಟಾರ್ಟ್ ಬಟನ್. ಮೈ ಡಾಕ್ಯುಮೆಂಟ್ಸ್. ರೀಸೈಕಲ್ ಬಿನ್. ಕಂಪ್ಯೂಟರು ಮಾತು ಬಿಟ್ಟಿರಲಿಲ್ಲ. ಹದಿನೈದು ದಿನವೂ ಎಡೆಬಿಡದೆ ಮಾತಾಡುತ್ತಲೇ ಇತ್ತು.

"ಒಳಗೆ ಮಾತಾಡ್ತಿದೆ ಸಾರ್, ಹೊರಗೆ ಬರ್ತಿಲ್ಲ" ಎಂದೆ.

"ಅದು ನನಗೂ ಗೊತ್ತು" ಎಂದರು ಮೇಷ್ಟ್ರು. "ನೀನು ಕೇಳ್ತೀಯೇನೋ ಅಂತ ಕಾಯ್ತಿದ್ದೆ."

ಅವರು ಅಷ್ಟು ದಿನದಲ್ಲಿ ಏನೇನು ಮಾಡಿದ್ದರು ಎಂದು ಒಂದೊಂದಾಗಿ ಹೇಳಿದರು. ಯಂತ್ರ ಹಚ್ಚಿದ ತಕ್ಷಣ ಒಳಗಿನಿಂದ ಒಂದು ಸಣ್ಣ ಕೂಗು ಬರುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದರೂ ಒಂದು ಕೂಗು. ಅಲ್ಲಿಗೆ ಯಂತ್ರಕ್ಕೆ ಜೀವವಿದೆ, ವಿಂಡೋಸೂ ಬಂದಿದೆ. ಆಮೇಲೆ ಸ್ಪೀಕರಿನ ಪ್ಲಗ್ಗನ್ನು ಹಿಂದಿನಿಂದ ಕಿತ್ತು, ಸ್ಪೀಕರ್ ಹಾಕಿ, ಪ್ಲಗ್ಗಿನ ತುದಿಗೆ ಬೆರಳಿಟ್ಟರು. ಗುಂಯ್ ಎಂದಿತು. ಮನೆಯ ವೈರಿಂಗಿನಲ್ಲಿ ಸೆಕೆಂಡಿಗೆ ಐವತ್ತು ಸಲ ತಿರುಗುವ ಕರೆಂಟನ್ನು ನಮ್ಮ ಮೈ ಆಂಟೆನಾದಂತೆ ಹಿಡಿದು ಕೊಡುತ್ತದೆ, ಆ ಸದ್ದು ಅದು. ಅಲ್ಲಿಗೆ ಸ್ಪೀಕರ್ ಸರಿ, ಅದರೊಳಗಿನ ಆಂಪ್ಲಿಫೈಯರ್ ಸರಿ, ತಂತಿಯೂ ಸರಿ. ಪ್ಲಗ್ಗು ತಪ್ಪು ತೂತಿಗೆ ಹೋಗಿರಬಹುದೇ ಎಂದು ಅದನ್ನೂ ನೋಡಿದ್ದರು. ಹಸಿರು, ಗುಲಾಬಿ, ನೀಲಿ ಎಂದು ನಾವು ಹೇಳುವ ಮೂರು ತೂತುಗಳು ಅವರಿಗೆ ಮೇಲಿನದು, ನಡುವಿನದು, ಕೆಳಗಿನದು. ಸ್ಪೀಕರಿನದು ನಡುವಿನದು. ಗುರುತಿಗೆ ಪ್ಲಗ್ಗಿಗೆ ರೇಷ್ಮೆಯ ದಾರ ಸುತ್ತಿ ಗಂಟು ಹಾಕಿದ್ದರು.

"ಬಲ್ಬು ಹತ್ತದೇ ಇದ್ರೆ ಏನು ಮಾಡ್ಬೇಕು ಅಂತ ನಿಮಗೆ ಹೇಳಿಕೊಟ್ಟಿದ್ದೆನಲ್ಲ" ಎಂದರು. ಶೆಲ್ಲಿನಿಂದ ಹೊರಟು ಎಲ್ಲಿಯವರೆಗೆ ಕರೆಂಟು ಬಂದಿದೆ ಎಂದು ನೋಡುತ್ತಾ ಹೋಗುವುದು. ದಾರಿಯನ್ನು ಅರ್ಧ ಮಾಡಿ, ಸರಿಯಿರುವ ಅರ್ಧವನ್ನು ಬಿಟ್ಟು, ಉಳಿದದ್ದನ್ನು ಮತ್ತೆ ಅರ್ಧ ಮಾಡುವುದು. ಕಣ್ಣಿಲ್ಲದ ಎಪ್ಪತ್ತರ ಹತ್ತಿರದ ಮನುಷ್ಯರು ಒಂದು ಬೆರಳಿನಲ್ಲಿ ಆ ದಾರಿಯನ್ನು ಅರ್ಧ ಮಾಡಿಟ್ಟಿದ್ದರು. ನಾನು ಎರಡು ಕಣ್ಣು ಬಿಟ್ಟುಕೊಂಡು ಡ್ರೈವರಿನಲ್ಲಿ ಒದ್ದಾಡುತ್ತಿದ್ದೆ.

ಆ ಸಣ್ಣ ಕೂಗಿನ ವಿಷಯ ಇಲ್ಲಿ ಹೇಳಬೇಕು. ಆ ಕಾಲದ ಪಿಸಿಗಳಿಗೆ ಎರಡು ಗಂಟಲು. 1981ರಲ್ಲಿ ಐಬಿಎಂನ ಮೊದಲ ಪಿಸಿ ಬಂದಾಗ ಇದ್ದದ್ದು ಕೀಂ ಎನ್ನುವ ಒಂದೇ ಗಂಟಲು. ಮಾತು, ಸಂಗೀತ ಬೇಕೆಂದರೆ ಬೇರೆಯದೇ ಕಾರ್ಡನ್ನು ಕೊಂಡು ಒಳಗೆ ಸಿಕ್ಕಿಸಬೇಕಿತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದ ಮೇಲೆ ಸೌಂಡ್ ಕಾರ್ಡ್ ಎನ್ನುವುದು ಮನೆಮಾತಾಯಿತು. 1997ರಲ್ಲಿ ಇಂಟೆಲ್ ಎಸಿ-97 ಎಂಬ ಪದ್ಧತಿ ತಂದಿತು. ಮುಂದೆ ಆ ಕಾರ್ಡಿನ ಕೆಲಸವೆಲ್ಲ ಮದರ್‌ಬೋರ್ಡಿನ ಮೇಲೆಯೇ ಕೂತ ಉಗುರಿನಷ್ಟು ಚಿಪ್ಪಿಗೆ ಇಳಿಯಿತು. ಕಾರ್ಡು ಹೋಯಿತು, ಹೆಸರು ಮಾತ್ರ ಉಳಿಯಿತು. ಆ ಚಿಪ್ಪಿನ ಕೆಲಸ ಅಂಕಿಗಳನ್ನು ವೋಲ್ಟೇಜಾಗಿ ಮಾಡುವುದು. ಸಿಡಿಯ ಗುಣಮಟ್ಟದಲ್ಲಾದರೆ ಒಂದು ಸೆಕೆಂಡಿಗೆ 44,100 ಸಲ. ಮೇಷ್ಟ್ರ ಯಂತ್ರದಲ್ಲಿದ್ದದ್ದು ಈ ಎಸಿ-97 ಕಾಲದ ಬೋರ್ಡು.

"ಸರಿ, ಈಗ ಹೇಳು. ಕೊನೇ ಸಲ ಸರಿಯಾಗಿ ಮಾತಾಡಿದ್ದು ಯಾವಾಗ? ಆಮೇಲೆ ಬದಲಾಗಿದ್ದೇನು?" ಎಂದರು ಮೇಷ್ಟ್ರು.

ಉತ್ತರ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗಲೇ ಗೊತ್ತಿತ್ತೇನೋ. ಯುಗಾದಿಯ ಮರುದಿನ, ಹೊಸತೊಡಕಿನ ದಿನ, ಇದೇ ಕಂಪ್ಯೂಟರಿಗೆ ನಾನು ಹೊಸ ಕ್ಯಾಬಿನೆಟ್ ಹಾಕಿದ್ದೆ. ಹಳೆಯದರಲ್ಲಿ ಇಲಿ ಸಂಸಾರ ಹೂಡಿತ್ತು, ಸ್ವಿಚ್ಚು ಒಳಕ್ಕೆ ಕುಸಿದಿತ್ತು. ಮನೆಯಲ್ಲಿ ಬಾಡೂಟ ಕಾಯುತ್ತಿತ್ತು, ಸಂಜೆಗೆ ವಾಪಸ್ ಬಸ್ಸು ಹಿಡಿಯಬೇಕಿತ್ತು. ಬೋರ್ಡನ್ನು ಕಳಚಿ ಹೊಸದಕ್ಕೆ ಕೂರಿಸಿ, ವೈರುಗಳನ್ನೆಲ್ಲ ಸಿಕ್ಕಿಸಿ, ಹಚ್ಚಿದೆ. ಪರದೆ ಬೆಳಗಿತು, ಹಸಿರು ಗುಡ್ಡದ ಮೇಲೆ ನೀಲಿ ಆಕಾಶ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಹೇಗೂ ಎಲ್ಲ ಬಂತಲ್ಲ ಎಂದು ನಾನು ಎದ್ದೆ. ಮೇಷ್ಟ್ರು ಆಗ ಹುಳುಮನೆಯಲ್ಲಿದ್ದರು. "ಆಯ್ತು ಸಾರ್, ಸರಿಯಾಗಿದೆ" ಎಂದು ಕೂಗಿ ಹೇಳಿ ಹೊರಟಿದ್ದೆ.

ಕಣ್ಣಿಲ್ಲದವರ ಕಂಪ್ಯೂಟರನ್ನು ನಾನು ಪರದೆ ನೋಡಿ ಪಾಸು ಮಾಡಿದ್ದೆ. ಸ್ಪೀಕರನ್ನು ಹಚ್ಚಿಯೂ ನೋಡಿರಲಿಲ್ಲ.

ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಪರವಾಗಿಲ್ಲ ಎನ್ನಲಿಲ್ಲ. "ಬಿಚ್ಚು" ಎಂದರು.

ಬೋರ್ಡಿನ ಕೈಪಿಡಿಯನ್ನು ಅಮ್ಮಾವ್ರು ಟ್ರಂಕಿನಲ್ಲಿ ಮನೆಪತ್ರಗಳ ಜೊತೆ ಜೋಪಾನ ಮಾಡಿದ್ದರು. ಅದರ ಒಂದು ಪುಟದ ಮೂಲೆಯಲ್ಲಿ ಉತ್ತರವಿತ್ತು. ಬೋರ್ಡಿನ ಅಂಚಿನಲ್ಲಿ ಎರಡು ಸಾಲಿನ ಪುಟ್ಟ ಪಿನ್ನುಗಳ ಗುಂಪೊಂದಿದೆ. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಹೆಡ್‌ಫೋನಿಗೆ ಇರುವ ತೂತಿನ ವೈರು ಬಂದು ಕೂರುವ ಜಾಗ ಅದು. ಎಸಿ-97ರ ಏರ್ಪಾಡಿನಲ್ಲಿ ಚಿಪ್ಪಿನಿಂದ ಹೊರಟ ದನಿ ನೇರವಾಗಿ ಹಿಂದಿನ ತೂತಿಗೆ ಹೋಗುವುದಿಲ್ಲ. ಮೊದಲು ಮುಂಭಾಗಕ್ಕೆ ಹೋಗಿ, ಅಲ್ಲಿ ಯಾರೂ ಹೆಡ್‌ಫೋನು ಸಿಕ್ಕಿಸಿಲ್ಲವೆಂದರೆ ಅದೇ ವೈರಿನಲ್ಲಿ ವಾಪಸ್ ಬಂದು, ಆಮೇಲೆ ಹಿಂದಿನ ಸ್ಪೀಕರಿಗೆ ಹೋಗುತ್ತದೆ. ಕಾಲುವೆಯ ನೀರು ಮೊದಲು ಮುಂದಿನ ಗದ್ದೆಗೆ ಹರಿದು, ಅಲ್ಲಿ ಬೇಡವಾದರೆ ಹಿಂದಿನ ಗದ್ದೆಗೆ ಬರುವ ಹಾಗೆ. ಹಳೆಯ ಕ್ಯಾಬಿನೆಟ್ಟಿನ ವೈರು ಅಲ್ಲಿ ಕೂತಿದ್ದರಿಂದ ದಾರಿ ಪೂರ್ತಿಯಾಗಿತ್ತು. ಹೊಸ ಕ್ಯಾಬಿನೆಟ್ಟಿನ ಮುಂಭಾಗದ ವೈರು ಮುಂದಿನ ಕಾಲದ ಪದ್ಧತಿಯದು, ಹೊಂದಿಕೆಯಾಗಲಿಲ್ಲ. ಮುಂದಿನ ತೂತು ಯಾರಿಗೆ ಬೇಕು ಎಂದು ನಾನು ಅದನ್ನು ಹಾಗೇ ಬಿಟ್ಟಿದ್ದೆ. ದನಿ ಅಲ್ಲಿಯವರೆಗೆ ಬಂದು, ವಾಪಸಾಗಲು ದಾರಿಯಿಲ್ಲದೆ ನಿಂತಿತ್ತು. ಮುಂಭಾಗ ಬೇಡವಾದರೆ ಐದನ್ನೂ ಆರನ್ನೂ ಸೇರಿಸಿ, ಒಂಬತ್ತನ್ನೂ ಹತ್ತನ್ನೂ ಸೇರಿಸಿ ಎಂದು ಕೈಪಿಡಿ ಹೇಳುತ್ತಿತ್ತು. ಒಂದು ಜೋಡಿ ಬಲಗಡೆಯ ದನಿಗೆ, ಇನ್ನೊಂದು ಎಡಗಡೆಯದಕ್ಕೆ.

ಸೇರಿಸಲು ಬೇಕಾದದ್ದು ಎರಡು ಜಂಪರ್. ಭತ್ತದ ಕಾಳಿಗಿಂತ ತುಸು ದಪ್ಪನೆಯ, ಒಳಗೆ ಲೋಹದ ಪಟ್ಟಿಯಿರುವ ಪ್ಲಾಸ್ಟಿಕ್ ಟೊಪ್ಪಿ. ಭಾನುವಾರ ಸಾತನೂರಿನಲ್ಲಿ ಅದನ್ನು ಎಲ್ಲಿ ಹುಡುಕುವುದು? ಹಳೆಯ ಕ್ಯಾಬಿನೆಟ್ಟು ಹುಳುಮನೆಯ ಅಟ್ಟದ ಮೇಲೆ ಮುರಿದ ಚಂದ್ರಿಕೆಗಳ ನಡುವೆ ಬಿದ್ದಿತ್ತು. ಅದರಲ್ಲಿ ಕೆಟ್ಟುಹೋದ ಸಿಡಿ ಡ್ರೈವೂ ಒಂದು ಸತ್ತ ಹಾರ್ಡ್ ಡಿಸ್ಕೂ ಇದ್ದವು. ಆ ಕಾಲದ ಡ್ರೈವುಗಳ ಬೆನ್ನಿನಲ್ಲಿ ಒಂದೊಂದು ಜಂಪರ್ ಇರುತ್ತಿತ್ತು. ಎರಡರಿಂದಲೂ ಒಂದೊಂದು ಕಿತ್ತು ತಂದೆ.

ಸಿಕ್ಕಿಸಿ ಯಂತ್ರ ಹಚ್ಚಿದೆ. ಒಳಗಿನ ಸಣ್ಣ ಕೂಗು. ಆಮೇಲೆ ಕಾಯುವುದು. ಹಿತ್ತಲಲ್ಲಿ ಹುಳು ಮೇಯುವ ಸದ್ದು. ಬೀದಿಯಲ್ಲಿ ಇನ್ನೊಂದು ಮೈಕು ಹಾದುಹೋಯಿತು. ಅದು ದೂರವಾಗುವಷ್ಟರಲ್ಲಿ ಸ್ಪೀಕರಿನಿಂದ ಆ ತಗಡಿನ ದನಿ ಹೊರಬಿತ್ತು. ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನನ್ನ ಕೈಯಿಂದ ಕೀಲಿಮಣೆ ತೆಗೆದುಕೊಂಡರು. ಅಡುಗೆಮನೆಯಿಂದ ಅಮ್ಮಾವ್ರು, "ಬಂತಾ?" ಎಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ದನಿ ಇಲ್ಲದ ದಿನಗಳಲ್ಲಿ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಬೆರಳಿಗೆ ಅಕ್ಷರ ಗೊತ್ತು, ಬರೆಯೋಕೆ ಕಿವಿ ಯಾಕೆ ಬೇಕು ಎಂದುಕೊಂಡರಂತೆ. ಆದರೆ ನಾನು ಇಟ್ಟಿದ್ದ ಕಡತವನ್ನು ಕೇಳಿಸಿಕೊಳ್ಳದೆ ತೆರೆದರೆ ಹಳೆಯದು ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯ. ಅದಕ್ಕೇ ದಿನವೂ ಹೊಸ ನೋಟ್‌ಪ್ಯಾಡ್ ತೆರೆದು, ಪುಟ ಬರೆದು, 1, 2, 3 ಎಂದು ಹೆಸರು ಕೊಟ್ಟು ಉಳಿಸಿದ್ದರು. ಕರೆಂಟಿಲ್ಲದ ದಿನಗಳನ್ನು ಬಿಟ್ಟರೆ ಹನ್ನೊಂದು ಕಡತ.

ಮೊದಲನೆಯದನ್ನು ತೆರೆದು ಕೇಳಿದರು. ಯಂತ್ರ ಏನೂ ಹೇಳಲಿಲ್ಲ. ನಡುವೆ ಒಂದು ಇಸವಿ ಹೇಳಿತು, ಮತ್ತೆ ಮೌನ. ದನಿ ಮತ್ತೆ ಹೋಯಿತೇನೋ ಎಂದು ನಾನು ಪರದೆ ನೋಡಿದೆ. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಸಾಲಿನ ಮೇಲೆ ಸಾಲು. ಪದಗಳ ನಡುವಿನ ಜಾಗ ಹಾಗೇ ಇದೆ, ಪೂರ್ಣವಿರಾಮ ಇದೆ, ಅಂಕಿಗಳಿವೆ. ಕನ್ನಡದ ಒಂದೊಂದು ಅಕ್ಷರವೂ ಒಂದೊಂದು ಪ್ರಶ್ನೆಯಾಗಿತ್ತು.

ಆಗಿದ್ದೇನೆಂದು ನೋಡಿದ ಕ್ಷಣವೇ ಗೊತ್ತಾಯಿತು. ಎಕ್ಸ್‌ಪಿಯ ನೋಟ್‌ಪ್ಯಾಡಿನಲ್ಲಿ ಹೊಸ ಕಡತವನ್ನು ಉಳಿಸುವಾಗ ಯೂನಿಕೋಡ್ ಎಂದು ನಾವಾಗಿ ಆರಿಸದಿದ್ದರೆ ಅದು ಹಳೆಯ ಆನ್ಸಿ ಪದ್ಧತಿಯಲ್ಲಿ ಉಳಿಸಹೊರಡುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಾಗೆಂದು ಸುಮ್ಮನೆ ಅಳಿಸುವುದೂ ಇಲ್ಲ, ಈ ಅಕ್ಷರಗಳು ನಷ್ಟವಾಗುತ್ತವೆ, ಮುಂದುವರಿಯಲೇ ಎಂದು ಒಂದು ಪುಟ್ಟ ಕಿಟಕಿಯಲ್ಲಿ ಕೇಳುತ್ತದೆ. ಹನ್ನೊಂದು ದಿನವೂ ಕೇಳಿತ್ತು. ಎನ್‌ವಿಡಿಎ ಅದನ್ನು ಗಟ್ಟಿಯಾಗಿ ಓದಿಯೂ ಇತ್ತು, ಆ ಎರಡು ಪಿನ್ನುಗಳ ಆಚೆಗೆ. ಮೇಷ್ಟ್ರು ಎಂಟರ್ ಒತ್ತಿದ್ದರು.

ಎಲ್ಲ ಕಡತಗಳನ್ನೂ ತೆರೆದೆ. ವಾಪಸ್ ತರುವ ಉಪಾಯವಿಲ್ಲ. ಪ್ರಶ್ನಾರ್ಥಕ ಚಿಹ್ನೆ ಆದ ಮೇಲೆ ಅದು ಯಾವ ಅಕ್ಷರವಾಗಿತ್ತು ಎಂಬುದು ಎಲ್ಲೂ ಉಳಿದಿರುವುದಿಲ್ಲ. ಅದನ್ನು ಹೇಗೆ ಹೇಳಲಿ ಎಂದು ತೋಚದೆ ಕೊನೆಗೆ ಇದ್ದ ಹಾಗೇ ಹೇಳಿದೆ. ಮೇಷ್ಟ್ರು ಬಹಳ ಹೊತ್ತು ದಾರದ ಗಂಟನ್ನು ಬೆರಳಲ್ಲಿ ತಿರುವುತ್ತಾ ಕೂತಿದ್ದರು. ಅಂಥ ಮೌನದ ಮುಂದೆ ಕ್ಷಮಿಸಿ ಎನ್ನುವುದೂ ಅಧಿಕಪ್ರಸಂಗ.

"ಏಳನೇದು ತೆಗಿ" ಎಂದರು ಕೊನೆಗೆ. "ಅದರಲ್ಲಿ ಏನು ಉಳಿದಿದೆ?"

"16-2-1980 ಅಂತಿದೆ ಸಾರ್. ಬೇರೇನೂ ಇಲ್ಲ."

"ಗ್ರಹಣ" ಎಂದರು. ಅವರ ಮುಖ ಸ್ವಲ್ಪ ಸಡಿಲವಾಯಿತು. ಆವತ್ತು ಸೂರ್ಯಗ್ರಹಣ. ಕಾರವಾರ, ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣಗ್ರಹಣ, ನಮ್ಮ ಕಡೆ ಪೂರ್ತಿಯಲ್ಲ. ಮಧ್ಯಾಹ್ನಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತಂತೆ. ಮೇಷ್ಟ್ರು ಒಂದು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿಕೊಂಡು, ಸೂರ್ಯನ ಕಡೆ ಬೆನ್ನು ಮಾಡಿ, ಬಿಳಿ ಗೋಡೆಯ ಮೇಲೆ ಕಚ್ಚಿದ ರೊಟ್ಟಿಯಂಥ ಸೂರ್ಯನನ್ನು ಬೀಳಿಸಿ ಮಕ್ಕಳಿಗಾಗಿ ಕಾದಿದ್ದರು. ಬಂದವರು ಮೂವರು. "ನೇರ ನೋಡಬೇಡ್ರೋ, ಕಣ್ಣು ಹೋಗುತ್ತೆ ಅಂತ ನೂರು ಸಲ ಹೇಳಿದ್ದೆ" ಎಂದು ಹೇಳಿ ತಾವೇ ನಕ್ಕರು.

ನಾನು ಬೇರೆ ಕಡತಗಳಲ್ಲಿ ಉಳಿದಿದ್ದ ಇಸವಿಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಓದಿ ಹೇಳಿದೆ. ಕೆಲವು ಅವರಿಗೆ ಕೂಡಲೇ ಹತ್ತಿದವು. ಕೆಲವಕ್ಕೆ, "ಏನು ಬರೆದಿದ್ದೆ ಅಲ್ಲಿ?" ಎಂದು ತಲೆ ಅಲ್ಲಾಡಿಸಿದರು. ನಾಲ್ಕು ಕಡತಗಳಲ್ಲಿ ಅಂಕಿಯೇ ಇರಲಿಲ್ಲ. ಆ ನಾಲ್ಕು ಪುಟಗಳಲ್ಲಿ ಏನಿತ್ತೆಂದು ಅವರಿಗೂ ನೆನಪಾಗಲಿಲ್ಲ. ಆಮೇಲೆ ನಾನೂ ಕೇಳಲು ಹೋಗಲಿಲ್ಲ.

"ಆ ಪರದೆ ಆರಿಸು" ಎಂದರು. "ಕರೆಂಟು ದಂಡ."

ಆರಿಸಿದೆ. ಮೇಷ್ಟ್ರು ಹಳೆಯ ಕಡತವನ್ನೇ ತೆರೆದು, ಕೊನೆಯ ಸಾಲಿಗೆ ಹೋಗಿ, 16-2-1980 ಎಂದು ಒತ್ತಿದರು. ದನಿ ಒಂದೊಂದೇ ಅಂಕಿಯನ್ನು ಹೇಳಿತು. ಆಮೇಲೆ ಕನ್ನಡ ಅಕ್ಷರಗಳು ಬರತೊಡಗಿದವು. ನಾನು ಕಪ್ಪು ಗಾಜಿನ ಮುಂದೆ ಕೂತು ಕೇಳಿಸಿಕೊಂಡೆ. ಒಂದು ಸಾಲು ಮುಗಿದ ಮೇಲೆ ಅದನ್ನು ಪೂರ್ತಿ ಓದಿಸಿದರು, ಒಂದು ಪದ ತಿದ್ದಿದರು, ಮತ್ತೆ ಓದಿಸಿದರು.

ಹೊರಡುವ ಮುಂಚೆ ಯಂತ್ರವನ್ನು ಪೂರ್ತಿ ಆರಿಸಿ, ಪರದೆ ಹಚ್ಚದೆ, ಮೊದಲಿನಿಂದ ಶುರು ಮಾಡಿದೆ. ಆ ದನಿ ಬಂದು, ನಮ್ಮ ಕಡತವನ್ನು ತೆರೆದು, ಮೊದಲ ಸಾಲು ಓದುವವರೆಗೆ ಕೈಕಟ್ಟಿ ಕೂತೆ. ಹಳೆಯ ಯಂತ್ರ, ಸಾಕಷ್ಟು ಹೊತ್ತು ಹಿಡಿಯಿತು. ಐದು ಗಂಟೆಯ ಬಸ್ಸು ಹೋಗಿಯಾಗಿತ್ತು.